ಬಾಲವಾಡಿಯಲ್ಲಿ ನಾನು ತೆಗೆದ ಅಳತೆ

ಮಕ್ಕಳನ್ನು ಅಳೆಯುವುದು ಏನು ಮಹಾ ಕೆಲಸ ಎಂದುಕೊಂಡೇ ನಾನು ಒಪ್ಪಿಕೊಂಡಿದ್ದೆ. ಮಕ್ಕಳು ಸಣ್ಣವು, ಕೋಲು ಉದ್ದದ್ದು. ಇದರಲ್ಲಿ ತಪ್ಪುವುದಕ್ಕೆ ಜಾಗವಾದರೂ ಎಲ್ಲಿದೆ?

ನಾನು ಮುದ್ದೇಬಿಹಾಳದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ಹೋದ ಬೇಸಿಗೆ ರಜೆಯಲ್ಲಿ ಧಾರವಾಡದಿಂದ ಪ್ರೊಫೆಸರ್ ಸಾಹೇಬರೊಬ್ಬರು ಬಂದರು. ಕೂಲಿಗೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟು ಹೋಗುವ ಬಾಲವಾಡಿಗಳ ಬಗ್ಗೆ ಅವರ ಸಂಶೋಧನೆ. ಒಬ್ಬ ಅಕ್ಕೋರು ಎಷ್ಟು ಮಕ್ಕಳನ್ನು ನೋಡಿಕೊಳ್ಳಬಲ್ಲರು, ಆಳು ಸಾಲದಿದ್ದರೆ ಮಕ್ಕಳ ಬೆಳವಣಿಗೆ ಏನಾಗುತ್ತದೆ ಎಂದು ತಿಳಿಯಬೇಕಂತೆ. ಇಂಡಿ, ಸಿಂದಗಿ, ಬಾಗೇವಾಡಿಗಳನ್ನು ತಾವೇ ನೋಡುತ್ತಾರಂತೆ, ಮುದ್ದೇಬಿಹಾಳಕ್ಕೆ ಒಬ್ಬ ಬುದ್ಧಿವಂತ ಬೇಕಂತೆ. ನಾನು ಆಚೀಚೆ ನೋಡಿದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ನಮ್ಮ ಮಕ್ಕಳು ಯಾವಾಗ ಉಣ್ತಾವ, ಯಾವಾಗ ಮಲಗ್ತಾವ ಅಂತ ನಿಮಗ ಗೊತ್ತೈತೇನ್ರಿ?" ಎಂದು ನನ್ನ ಹೆಂಡತಿ ಸರೋಜಾ ಕೇಳಿದಳು.

"ಇದು ಶಾಸ್ತ್ರೀಯ ಕೆಲಸ" ಎಂದೆ.

"ಹಂಗಾದ್ರ ಹೋಗಿ ಬರ್ರಿ" ಎಂದು ಆಕೆ ರೊಟ್ಟಿ ಬಡಿಯತೊಡಗಿದಳು.

ಬಾಲವಾಡಿ ಇದ್ದದ್ದು ಪೇಟೆಯ ಹಿಂದಿನ ಹಳೆಯ ಗೋದಾಮಿನಲ್ಲಿ. ಅಲ್ಲಿನ ಅಕ್ಕೋರು ಶಾಂತಾಬಾಯಿ. ನಾನು ಹೋದಾಗ ಆಕೆ ಒಂದು ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು, ಇನ್ನೊಂದರ ಸಿಂಬಳ ಒರೆಸುತ್ತ, ನೀರಿನ ಹೌದಿನ ಕಡೆ ಹೊರಟಿದ್ದ ಮೂರನೆಯದನ್ನು ಕೂಗಿ ಕರೆಯುತ್ತಿದ್ದಳು.

"ನಾ ಒಬ್ಬಾಕಿನ ಇದ್ದೇನ್ರಿ ಮಾಸ್ತರ್ರ. ಇನ್ನೊಬ್ಬಾಕೀನ್ನ ಕೊಡ್ರಿ ಅಂತ ಬಾಲವಾಡಿ ನಡಸೂ ಮಂಡಳಿಯವ್ರಿಗೆ ಕೇಳಿ ಕೇಳಿ ಸಾಕಾಗೇತಿ."

"ಅದಕ್ಕೇ ನಾ ಬಂದೇನಿ."

ಆಕೆಯ ಮುಖ ಅರಳಿತು. "ಕೆಲಸಕ್ಕ ನಿಲ್ತೀರೇನ್ರಿ?"

"ಇಲ್ಲ, ಸಂಶೋಧನೆಗೆ."

ಅರಳಿದ ಮುಖ ಹಾಗೆಯೇ ಮುಚ್ಚಿಕೊಂಡಿತು.

ನಿಲ್ಲಿಸಿ ಅಳೆಯಲು ಹೋದರೆ ಮಕ್ಕಳು ನಿಲ್ಲಲಿಲ್ಲ. ಒಂದು ಮಗು ನಾನು ತಂದಿದ್ದ ಒಣ ಕೋಲನ್ನೇ ಕಚ್ಚಿ ಮುರಿಯಿತು. ಕೊನೆಗೆ ಮಧ್ಯಾಹ್ನ ಎಲ್ಲ ಮಲಗುವವರೆಗೆ ಕಾದೆ. ಅಂಗಳದ ಬೇವಿನ ಗಿಡದಿಂದ ನೆಟ್ಟಗಿನ ಹಸಿ ಕೋಲೊಂದನ್ನು ಮುರಿದು ತಂದೆ. ತಲೆಗಳೆಲ್ಲ ಒಂದೇ ಸಾಲಿಗೆ ಬರಲೆಂದು, ನೆಟ್ಟಗಿದ್ದ ಬಡಗಣ ಗೋಡೆಗೆ ತಲೆ ಮಾಡಿಸಿ ಎಲ್ಲರನ್ನೂ ಒತ್ತಟ್ಟಿಗೆ ಮಲಗಿಸಿದೆ. ನೊಣ ಬಹಳ ಇದ್ದವು. ಆಗಷ್ಟೇ ಅಗಸರ ಮನೆಯಿಂದ ತಂದಿದ್ದ ನನ್ನ ಬಿಳಿ ಧೋತರವನ್ನು ಮಕ್ಕಳ ಮೇಲೆ ಹೊದಿಸಿದೆ. ಶಾಂತಾಬಾಯಿ ಕಂಡಿದ್ದರೆ ತಡೆಯುತ್ತಿದ್ದಳೋ ಏನೋ. ಆಕೆಗಿದ್ದವು ಎರಡೇ ಕಣ್ಣು, ಆ ಹೊತ್ತಿಗೆ ಎರಡೂ ಹಿತ್ತಲಲ್ಲಿ ಕಾಯುತ್ತಿದ್ದ ಹಾಲಿನ ಮೇಲಿದ್ದವು.

ಸಾಲಿನ ಕೊನೆಗೆ ಹುಸೇನಬಿ ಎಂಬ ಪುಟ್ಟ ಹುಡುಗಿ. ಅವಳ ತಲೆಯಿಂದ ಪಾದದವರೆಗೆ ಕೋಲು ಹಿಡಿದು, ಉಗುರಿನಿಂದ ಗುರುತು ಮಾಡುತ್ತಿದ್ದೆ. ಅಷ್ಟರಲ್ಲಿ ಶೇಂಗಾ ಗಿರಣಿಯಲ್ಲಿ ಕೂಲಿ ಮಾಡುವ ಅವಳ ತಾಯಿ ರಾಜಮಾ, ಮಗುವಿಗೆ ಹಾಲು ಕೊಡಲು ಬಂದು ಬಾಗಿಲಲ್ಲಿ ನಿಂತಳು. ಧೋತರವನ್ನು ಕಿತ್ತೊಗೆದು ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟಳು.

"ವಯಸ್ಸಿಗೆ ತುಸು ಗಿಡ್ಡ ಅದಾಳ, ಚಿಂತಿ ಮಾಡಬ್ಯಾಡ" ಎಂದು ನಾನು ಹಿಂದಿನಿಂದ ಧೈರ್ಯ ಹೇಳಿದೆ.

ರಾತ್ರಿ ಊಟಕ್ಕೆ ಕೂತು ಸರೋಜಾಗೆ ಎಲ್ಲವನ್ನೂ ಹೆಮ್ಮೆಯಿಂದ ಹೇಳಿದೆ. ಅವಳ ಕೈ ನಿಂತಿತು.

"ಬಡಗಣ ತಲಿ ಮಾಡಿ ಮಲಗಿಸಿದ್ರಿ?"

"ಗ್ವಾಡಿ ನೆಟ್ಟಗಿತ್ತು."

"ಮ್ಯಾಲ ಬಿಳಿ ಧೋತರ ಹೊಚ್ಚಿದ್ರಿ?"

"ನೊಣ ಇದ್ದುವು."

"ಹಸಿ ಕೋಲಿಲೆ ತಲಿಯಿಂದ ಕಾಲಿನ ಮಟ ಅಳದ್ರಿ?"

"ಶಾಸ್ತ್ರೀಯವಾಗಿ."

"ಕುಣಿ ತೆಗಿಯಾವ್ರೂ ಹಂಗ ಅಳೀತಾರ್ರಿ."

ನಾನು ತುತ್ತನ್ನು ತಟ್ಟೆಗೆ ಇಳಿಸಿದೆ. ನಮ್ಮ ಕಡೆ ಸತ್ತ ಸಣ್ಣ ಮಕ್ಕಳನ್ನು ಯಾರೂ ಸುಡುವುದಿಲ್ಲ, ಹಸಿ ಕೋಲಿನಿಂದ ಅಳೆದು ಕುಣಿ ತೋಡಿ ಹೂಳುತ್ತಾರೆ. ಮಗುವನ್ನು ಕಳೆದುಕೊಂಡ ಪ್ರತಿ ತಾಯಿಯೂ ಆ ಕೋಲನ್ನು ನೋಡಿರುತ್ತಾಳೆ. ನೋಡದವನು ನಾನೊಬ್ಬನೇ, ಬುದ್ಧಿವಂತ.

ಮರುದಿನ ಏನೂ ತಿನ್ನದೆ, ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಲವಾಡಿಗೆ ಓಡಿದೆ. ಸುದ್ದಿ ಓಣಿಯೆಲ್ಲ ಹಬ್ಬಿ, ಒಂದು ಮಗುವೂ ಬಂದಿರಲಿಲ್ಲ. ಶಾಂತಾಬಾಯಿ ಒಬ್ಬಳೇ ನನ್ನ ಧೋತರ ಮಡಚುತ್ತ ಕೂತಿದ್ದಳು.

"ನಾಳೆ ಸಾಹೇಬ್ರು ಬರ್ತಾರ" ಎಂದೆ.

"ಸಾಹೇಬ್ರು ಹಾಳಾಗಿ ಹೋಗ್ಲಿ" ಎಂದಳು ಆಕೆ. "ರಾಜಮಾ ಕೂಸಿಗೆ ಅಫೀಮಿನ ಗುಳಿಗಿ ಕೊಟ್ಟು ಮಲಗಿಸಿ, ಕೀಲಿ ಹಾಕಿ ಗಿರಣಿಗೆ ಹೋಗ್ಯಾಳಂತ. ಮದಲ ಎಲ್ಲಾರೂ ಹಂಗ ಮಾಡ್ತಿದ್ರು. ಬಾಲವಾಡಿ ಆದಮ್ಯಾಲ ನಾ ಬೈದು ಬೈದು ಬಿಡಿಸಿದ್ದೆ."

ಇಬ್ಬರೂ ಅವಳ ಮನೆಗೆ ಓಡಿದೆವು. ಬಾಗಿಲಿಗೆ ಕೀಲಿ. ಕೂಗಿದರೂ ಒಳಗಿಂದ ಸದ್ದಿಲ್ಲ. ನಾನು ಗಿರಣಿಗೆ ಓಡಿ ರಾಜಮಾಳನ್ನು ಕರೆತಂದೆ. ಅವಳು ಕೀಲಿ ತೆಗೆದು ಒಳಗೆ ನುಗ್ಗಿದಳು.

"ಎಷ್ಟು ಕೊಟ್ಟಿ?" ಎಂದಳು ಶಾಂತಾಬಾಯಿ.

"ಮದಲಿನಕಿಂತ ತುಸು ದೊಡ್ಡದು. ಈಗ ಬಾಲವಾಡಿ ಇಲ್ಲಲ್ರಿ ಅಕ್ಕೋರ. ಸಂಜೀ ಮಟ ಮಲಗಬೇಕಲ್ಲ."

ಹುಸೇನಬಿಯ ಕತ್ತು ಜೋಲುತ್ತಿತ್ತು. ಶಾಂತಾಬಾಯಿ ಅವಳನ್ನು ಅಂಗಳಕ್ಕೆ ತಂದು ನೀರು ಚಿಮುಕಿಸಿ ಅಂಗಾಲು ತಿಕ್ಕತೊಡಗಿದಳು. ಯಾರೋ ಡಾಕ್ಟರರನ್ನು ಕರೆಯಲು ಓಡಿದರು. ಮಗು ಕಣ್ಣು ತೆರೆಯಲಿಲ್ಲ. ನನಗೆ ಬಹಳ ಹೆದರಿಕೆಯಾಯಿತು.

ರಾಜಮಾ ನನ್ನ ಮುಂದೆ ಬಂದು ನಿಂತಳು. "ಹ್ವಾದ ವರ್ಷ ಇದರ ಅಕ್ಕನ್ನ ಹಿಂಗ ಅಳದಿದ್ರು ಮಾಸ್ತರ್ರ. ಈಗ ಇದನ್ನ ನೀವು ಅಳದ್ರಿ. ಆ ಕೋಲು ಕೊಡ್ರಿ. ಅದರಿಂದನ ನಿಮ್ಮನ್ನ ಅಳೀತೇನಿ. ಅಳತಿ ಇದನ್ನ ಬಿಟ್ಟು ನಿಮಗ ಹತ್ತಲಿ."

ಮೂಢನಂಬಿಕೆಗಳ ಬಗ್ಗೆ ಶಾಲೆಯಲ್ಲಿ ಪ್ರತಿ ವರ್ಷ ಭಾಷಣ ಮಾಡುವವನು ನಾನು. ಆ ಭಾಷಣ ನನಗೆ ಬಾಯಿಪಾಠ ಇತ್ತು. ಮಗುವಿನ ಜೋತುಬಿದ್ದ ತುಟಿಯನ್ನು ನೋಡಿದೆ, ಕೋಲು ಕೊಟ್ಟೆ, ನೆಲದ ಮೇಲೆ ಮಲಗಿದೆ. ಬಡಗಣ ತಲೆ ಮಾಡಲು ಯಾರೂ ಹೇಳಬೇಕಾಗಲಿಲ್ಲ. ಶಾಂತಾಬಾಯಿ ತಂದಿದ್ದ ನನ್ನ ಧೋತರವನ್ನೇ ರಾಜಮಾ ನನ್ನ ಮೇಲೆ ಹೊದಿಸಿದಳು.

ಓಣಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ರಾಜಮಾ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದಳು.

"ನಿಂತಾಗ ಎತ್ತರ ಕಾಣ್ತಿದ್ರು" ಎಂದಳು ಒಬ್ಬ ಮುದುಕಿ. "ಮಾಸ್ತರ್ರಿಗೆ ಸಣ್ಣ ಕುಣಿ ಸಾಕು."

ಯಾರೂ ನಗಲಿಲ್ಲ. ನನ್ನ ಎತ್ತರದ ಬಗ್ಗೆ ನನಗೆ ಬಹಳ ಅಭಿಮಾನವಿತ್ತು. ಅಂಥ ಹೊತ್ತಿನಲ್ಲೂ ಧೋತರದೊಳಗೆ ನನಗೆ ಸಿಟ್ಟು ಬಂತು ಎಂದು ಹೇಳಲು ನಾಚಿಕೆಯಾಗುತ್ತದೆ.

ಬೆಳಿಗ್ಗೆ ಉಣ್ಣದೆ ಬಂದಿದ್ದೆನಲ್ಲ, ಸರೋಜಾ ರೊಟ್ಟಿ ಕಟ್ಟಿಕೊಂಡು ನನ್ನನ್ನು ಹುಡುಕುತ್ತ ಬಂದದ್ದು ಆಗಲೇ. ಅವಳಿಗೆ ಕಂಡದ್ದು ಇಷ್ಟು: ಸುತ್ತ ಹೆಂಗಸರು, ಮಧ್ಯೆ ಬಿಳಿ ಧೋತರ, ಅದರಾಚೆ ನನ್ನ ಎರಡು ಪಾದ. ಅವಳು ಬುತ್ತಿ ಚೆಲ್ಲಿ, "ಅಯ್ಯಯ್ಯೋ, ನನ್ನ ಬಿಟ್ಟು ಹೋದ್ರ್ಯಾ!" ಎಂದು ಎದೆ ಬಡಿದುಕೊಂಡು ಅತ್ತಳು. ಅಂಥ ಅಳುವನ್ನು ನಾನು ಬದುಕಿರುವಾಗಲೇ ಕೇಳಿಸಿಕೊಂಡೆ.

ಹುಸೇನಬಿ ಬೆಚ್ಚಿಬಿದ್ದಳು. ಕಣ್ಣು ತೆರೆದು, ವಾಂತಿ ಮಾಡಿ, ಓಣಿಯೇ ಎದ್ದು ಕೂರುವ ಹಾಗೆ ಅಳತೊಡಗಿದಳು. ರಾಜಮಾ ಕೋಲು ಬಿಸಾಕಿ ಅವಳನ್ನು ತಬ್ಬಿಕೊಂಡಳು. ಡಾಕ್ಟರು ಬಂದು, ಮಗುವನ್ನು ಮತ್ತೆ ಮಲಗಗೊಡಬೇಡಿ ಎಂದರು. ಶಾಂತಾಬಾಯಿ ಸಂಜೆಯವರೆಗೆ ಅವಳನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗಾಡಿದಳು. ಮಗು ಬದುಕಿದ್ದು ಅಳತೆ ನನಗೆ ಹತ್ತಿದ್ದರಿಂದ ಎಂದು ರಾಜಮಾ ಇಂದಿಗೂ ಹೇಳುತ್ತಾಳೆ. ನಾನು ಎದ್ದು ಕೂತದ್ದನ್ನು ನೋಡಿ ಸರೋಜಾ ಮಾತ್ರ ಉರಿದುಬಿದ್ದಳು. "ಜೀವ ಐತಿ ಅಂತ ಮದಲ ಹೇಳಾಕ ಏನಾಗಿತ್ತು ನಿಮಗ?"

ಕೋಲನ್ನು ಅವಳೇ ತಂದು ಒಲೆಗೆ ಹಾಕಿದಳು. ಸಂಶೋಧನೆಯ ಗುರುತುಗಳೆಲ್ಲ ಅದರ ಮೇಲೆಯೇ ಇದ್ದವು.

ಮರುದಿನ ಮಕ್ಕಳು ಮರಳಿ ಬಂದವು. ಸಾಹೇಬರೂ ಬಂದರು. ಅಳತೆ ಎಲ್ಲಿ ಎಂದರು. ಸುಟ್ಟಿತು ಎಂದೆ. ಹೋಗಲಿ, ಇಲ್ಲಿಗೆ ಒಬ್ಬ ಅಕ್ಕೋರು ಸಾಕೇ ಎಂದರು.

"ಸಾಲೂದಿಲ್ರಿ. ಇಬ್ಬರು ಬೇಕು" ಎಂದೆ. "ಒಬ್ಬಾಕಿ ಮಕ್ಕಳನ್ನ ನೋಡಾಕ, ಇನ್ನೊಬ್ಬಾಕಿ ನನ್ನಂಥವ್ರನ್ನ ನೋಡಾಕ."

ಅವರು ಏನನ್ನೂ ಬರೆದುಕೊಳ್ಳಲಿಲ್ಲ. ಎರಡನೆಯ ಅಕ್ಕೋರು ಬರಲೂ ಇಲ್ಲ. ಶಾಂತಾಬಾಯಿ ಈಗಲೂ ಒಬ್ಬಳೇ ಇದ್ದಾಳೆ.

ನಾನು ಆ ಓಣಿಯಲ್ಲಿ ಹಾಯ್ದರೆ ಮಕ್ಕಳೆಲ್ಲ ಓಡಿಬಂದು ದೂಳಿನಲ್ಲಿ ಸಾಲಾಗಿ ಕಣ್ಣು ಮುಚ್ಚಿ ಮಲಗುತ್ತವೆ. ಅದು ಅವುಗಳ ಹೊಸ ಆಟ. ಜೊತೆಗಿದ್ದರೆ ಸರೋಜಾ ಸೆರಗಿನಿಂದ ಮುಖ ಮುಚ್ಚಿಕೊಂಡು ಮುಂದೆ ಹೋಗಿಬಿಡುತ್ತಾಳೆ. ಹುಸೇನಬಿ ಮಾತ್ರ ಮಲಗುವುದಿಲ್ಲ, ಅವಳ ತಾಯಿ ಮಲಗಗೊಡುವುದಿಲ್ಲ. ಬಾಗಿಲಲ್ಲಿ ಎರಡು ಕಾಲ ಮೇಲೆ ಗಟ್ಟಿಯಾಗಿ ನಿಂತು, ಈಗಷ್ಟೇ ಕಲಿತ ನಾಲ್ಕು ಮಾತಿನಲ್ಲಿ, ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ: "ಅಮ್ಮಾ, ಸಣ್ಣ ಕುಣಿ ಬಂದ."

ನಾನು ನಿಂತು "ಓ" ಎನ್ನುತ್ತೇನೆ.