ಲಿಂಬೆಹಣ್ಣಿಗೆ ಪೌಡರ್ ಹಚ್ಚಿದ್ದು

ಆರು ನೂರು ರೂಪಾಯಿ. ಮುಚ್ಚಿಡುವುದೇನಿದೆ, ಮೊದಲೇ ಹೇಳಿಬಿಡುತ್ತೇನೆ. ಸೊಲ್ಲಾಪುರದ ಅಂಗಡಿಯವ ಎಂಟುನೂರೈವತ್ತು ಹೇಳಿದ್ದ. ನಾನು ಎರಡು ಸಲ ಮೆಟ್ಟಿಲಿಳಿದು ಹೋದಂತೆ ಮಾಡಿ, ಮೂರನೆಯ ಸಲ ಅವನೇ ಓಡಿಬಂದು ಕೈಹಿಡಿದ ಮೇಲೆ ಆರು ನೂರಕ್ಕೆ ಮುರಿದು, ಧೂಳು ಒರೆಸುವ ಬ್ರಷ್ಷನ್ನು ಪುಕ್ಕಟೆ ಕಿತ್ತುಕೊಂಡು ಬಂದೆ. ಕೊಂಡದ್ದು ಮ್ಯಾಕ್ರೋ ಲೆನ್ಸ್. ಇರುವೆಯ ಮೀಸೆ ಎಣಿಸುವಷ್ಟು ಹತ್ತಿರದಿಂದ ಫೋಟೋ ತೆಗೆಯುವ ಗಾಜು. ಯಾಕೆ ಕೊಂಡೆ ಎಂದರೆ, ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಯವರೆಗೆ ಯಾವ ಸ್ಟುಡಿಯೋದವನ ಹತ್ತಿರವೂ ಇಲ್ಲದ ಸಾಮಾನು ಸಿಂದಗಿಯ ನನ್ನ ಹತ್ತಿರ ಇರಬೇಕಿತ್ತು. "ಈ ರೊಕ್ಕಕ್ಕ ಹಾಲು ಹಿಂಡೂ ಎಮ್ಮಿ ಬರ್ತಿತ್ತಲ್ರಿ" ಎಂದಳು ಹೆಂಡತಿ. ವ್ಯಾಪಾರ ತಿಳಿಯದವರ ಜೊತೆ ನಾನು ವಾದಿಸುವುದಿಲ್ಲ.

ಲೆನ್ಸ್ ಬಂದ ವಾರದಲ್ಲೇ ಇಂಡಿ ಕಡೆಯ ಮಲ್ಲಪ್ಪಣ್ಣ ಸಿಕ್ಕರು. ದೊಡ್ಡ ಲಿಂಬೆ ತೋಟದವರು. ಸೊಲ್ಲಾಪುರದ ಸೇಠ್ ಒಬ್ಬನಿಗೆ ಈ ಹಂಗಾಮಿನ ಇಡೀ ಫಸಲನ್ನು ಒಂದೇ ಮಾತಿಗೆ ಮಾರುವ ಯೋಚನೆ ಅವರದು. "ಸಾವ್ಕಾರ್ರ, ಬಾಯಿಲೆ ಹೇಳಿದ್ರ ಯಾರು ನಂಬ್ತಾರ? ಫೋಟೋ ಕಳಸ್ರಿ. ನಿಮ್ಮ ಲಿಂಬಿ ತೆಂಗಿನಕಾಯಿ ಹಂಗ ಕಾಣೂಹಂಗ ತಗೀತೇನಿ" ಎಂದೆ. ಸಲಹೆ ಕೊಡುವುದು ನನ್ನ ಹುಟ್ಟುಗುಣ. ಕೇಳಿದರೆ ಮಾತ್ರ ಕೊಡಬೇಕೆಂಬ ನಿಯಮ ನನಗಿಲ್ಲ.

ಹಣ್ಣು ಬಂತು. ಎಂಥ ಗಿರಾಕಿ ಮಹಾರಾಯ! ಮದುಮಗನಿಗಾದರೆ "ಗದ್ದ ಎತ್ರಿ" ಎನ್ನಬಹುದು, ಲಿಂಬೆಗೆ ಏನೆನ್ನಬೇಕು? ಇಟ್ಟಲ್ಲಿ ನಿಲ್ಲದೆ ಉರುಳಿತು. ಹೆಂಡತಿ ಕೊಡ ಹೊರುವ ಸಿಂಬಿ ತಂದು ಅದರ ಮೇಲೆ ಕೂರಿಸಿದೆ. ಮುಂಭಾಗ ಸ್ಪಷ್ಟವಾದರೆ ಹಿಂಭಾಗ ಮಸುಕು, ತೊಟ್ಟು ಕಂಡರೆ ಹೊಟ್ಟೆ ಮಾಯ. ನಾನು ಉಸಿರು ಬಿಟ್ಟರೆ ಕ್ಯಾಮೆರಾ ಅಲುಗುತ್ತದೆ, ಬಿಡದಿದ್ದರೆ ನಾನೇ ಅಲುಗುತ್ತೇನೆ. ಮಧ್ಯಾಹ್ನದ ತನಕ ಬಗ್ಗಿ ಬಗ್ಗಿ ಸೊಂಟ ಬಿಲ್ಲಾಯಿತು. ಕೊನೆಗೆ ಎಲ್ಲ ಸರಿಹೋಯಿತು ಎನ್ನುವಾಗ ಕಿಟಕಿಯ ಬೆಳಕು ಲಿಂಬೆಯ ನೆತ್ತಿಯ ಮೇಲೆ ಬಿದ್ದು ಫಳಫಳ ಹೊಳೆಯತೊಡಗಿತು.

ನನ್ನ ಸ್ಟುಡಿಯೋದಲ್ಲಿ ಒಂದು ಪದ್ಧತಿ ಇದೆ. ಗೌಡರಿರಲಿ, ಮಾಸ್ತರರಿರಲಿ, ಮುಖಕ್ಕೆ ಪೌಡರ್ ಬೀಳದೆ ಯಾರೂ ಕ್ಯಾಮೆರಾದ ಮುಂದೆ ಕೂರುವಂತಿಲ್ಲ. ಹದಿನೈದು ವರ್ಷಗಳಿಂದ ಬೆವರಿನ ಮೂಗುಗಳಿಗೆ ಪೌಡರ್ ಹಚ್ಚಿದ ಕೈ. ತಾನೇ ಡಬ್ಬಿಗೆ ಹೋಯಿತು, ಹಣ್ಣಿಗೆ ಎರಡು ಸಲ ತಟ್ಟಿತು. ಹೊಳಪು ಮಾಯ. ಕ್ಲಿಕ್!

ಫೋಟೋವನ್ನು ಊಟದ ತಾಟಿನಷ್ಟು ದೊಡ್ಡದಾಗಿ ಮಾಡಿಕೊಟ್ಟೆ. ಮಲ್ಲಪ್ಪಣ್ಣ ಅದನ್ನು ತೋಳಿನ ದೂರದಲ್ಲಿ ಹಿಡಿದು ನೋಡಿ, "ಹುಣ್ಣಿವಿ ಚಂದ್ರ ಕಂಡಂಗ ಕಾಣ್ತೈತಲ್ಲೋ ಬಸಣ್ಣಾ!" ಎಂದು ಅಲ್ಲಿಂದಲೇ ಟಪಾಲಿಗೆ ಹಾಕಿದರು. ಚಂದ್ರನಲ್ಲಿ ಕಲೆ ಇರುವುದು ಇಬ್ಬರಿಗೂ ಹೊಳೆಯಲಿಲ್ಲ.

ಎಂಟನೆಯ ದಿನ ಅವರು ಸೇಠನ ಕಾಗದ ಹಿಡಿದು ಸ್ಟುಡಿಯೋಕ್ಕೇ ನುಗ್ಗಿದರು. "ಏನ್ ಮಾಡೀದಿಪಾ ನನ್ನ ಲಿಂಬಿಗೆ? ಮೈತುಂಬ ತೂತು, ತೂತಿನಾಗ ಬೂಷ್ಟು, ರೋಗದ ಮಾಲು ಬ್ಯಾಡ ಅಂತ ಬರದಾನ. ಗಿಡದಾಗ ಹಣ್ಣು ಹಳದಿ ಆಗಿ ಉದರಾಕತ್ತಾವು. ಈ ವಾರ ಅವ ಒಯ್ಯಲಿಲ್ಲಂದ್ರ ತಿಪ್ಪಿಗೆ ಸುರೂದ ಗತಿ!" ನನ್ನ ಹತ್ತಿರ ಉಳಿದಿದ್ದ ಪ್ರತಿಯನ್ನು ತೆಗೆದು ನೋಡಿದೆ. ಸಿಪ್ಪೆಯ ಒಂದೊಂದು ರಂಧ್ರವೂ ಬಾವಿಯಂತೆ ಬಾಯಿ ತೆರೆದಿತ್ತು. ಪ್ರತಿ ಬಾವಿಯಲ್ಲೂ ನನ್ನ ಪೌಡರ್. "ಅದು ರೋಗ ಅಲ್ರಿ, ಪೌಡರ್" ಎಂದೆ ಮೆಲ್ಲಗೆ. "ಲಿಂಬಿಗೇನು ಕನ್ಯಾ ನೋಡಾಕ ಬಂದಿದ್ರೇನೋ, ಪೌಡರ್ ಹಚ್ಚಾಕ!" ಎಂದು ಅವರು ಬೀದಿಗೆಲ್ಲ ಕೇಳುವಂತೆ ಕೂಗಿದರು.

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು: "ಅಲ್ರಿ, ಲಿಂಬಿ ಏನು ಗುಡ್ಡಾನ, ಗುಡೀನ, ಚಿತ್ರ ತಗದು ಕಳಸಾಕ? ಒಂದು ಬುಟ್ಟಿ ಹಣ್ಣ ಕಳಸಬಾರದಿತ್ತೇನು?" ಮಲ್ಲಪ್ಪಣ್ಣ ಚಹಾ ಕುಡಿದವರೇ ಬುಟ್ಟಿ ತುಂಬಿಸಲು ತೋಟಕ್ಕೆ ಹೊರಟರು.

ಮರುದಿನ ಬೆಳಗಿನ ಬಸ್ಸಿಗೆ, ಮಲ್ಲಪ್ಪಣ್ಣನ ಪಕ್ಕದಲ್ಲಿ ಕೂತ ನನ್ನ ತೊಡೆಯ ಮೇಲೆಯೇ ಹಣ್ಣಿನ ಬುಟ್ಟಿ ಸೊಲ್ಲಾಪುರಕ್ಕೆ ಹೋಯಿತು. ಸೇಠ್ ಒಂದು ಹಣ್ಣು ಕೊಯ್ದ, ಅಂಗೈಗೆ ಹಿಂಡಿದ, ನೆಕ್ಕಿದ, ಒಂದು ಕಣ್ಣು ಮುಚ್ಚಿದ. "ಮಾಲು ಛಲೋ ಐತಿ. ನಾಳೆ ಗಾಡಿ ಕಳಸ್ತೇನಿ. ಆದ್ರ ಆ ಫೋಟೋದಾಗಿಂದು ಯಾವ ಗಿಡದ್ದು? ಅದನ್ನ ಕಡದು ಒಗೀರಿ" ಎಂದ. ಮಲ್ಲಪ್ಪಣ್ಣ ನನ್ನ ಕಡೆ ಬೆರಳು ಮಾಡಿ, "ಅದು ಇವರ ಸ್ಟುಡಿಯೋದಾಗ ಬೆಳದದ್ದರಿ" ಎಂದರು.

ಆದ್ದರಿಂದ ಓದುಗರೇ, ಹೀಗೊಂದು ಲೆನ್ಸ್ ಕೊಳ್ಳುವ ಮನಸ್ಸಿದ್ದರೆ ಕೇಳಿ. ಅಂಗಡಿಯವ ನಾಣ್ಯದ ಚಿತ್ರ ತೋರಿಸಿ ಮರುಳು ಮಾಡುತ್ತಾನೆ. ನೀವು ನಿಮ್ಮ ಸರಕನ್ನೇ ಒಯ್ದು ಪರೀಕ್ಷೆ ಮಾಡಿ. ಹೊಳಪು ಬಂದರೆ ಕಿಟಕಿಗೆ ತೆಳು ಧೋತರ ಕಟ್ಟಿ, ಪೌಡರ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಡಿ. ತೆಗೆದ ಚಿತ್ರವನ್ನು ತೋಳಿನ ದೂರದಿಂದಲ್ಲ, ಮೂಗಿನ ಹತ್ತಿರ ಹಿಡಿದು ನೋಡಿ. ಎಲ್ಲಕ್ಕಿಂತ ಮುಖ್ಯ, ಕೈಚೀಲದಲ್ಲಿ ಹಿಡಿಸುವ ವಸ್ತುವಿನ ಫೋಟೋ ತೆಗೆಯುವ ಮೊದಲು ಒಮ್ಮೆ ಹೆಂಡತಿಯನ್ನು ಕೇಳಿ. ಆ ಸಲಹೆ ಪುಕ್ಕಟೆ ಸಿಗುತ್ತದೆ. ಅದಕ್ಕೇ ನಮ್ಮಂಥ ಜಾಣರು ಅದನ್ನು ತೆಗೆದುಕೊಳ್ಳುವುದಿಲ್ಲ.