ಪಾರಿವಾಳದ ಸೆರಗು

ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವವರಿಗೆ ಕೊರತೆಯಿಲ್ಲ, ಕೊಳ್ಳುವವರದ್ದೇ ಚಿಂತೆ. ಆ ಚಿಂತೆ ನನ್ನ ಪಾಲಿಗೆ ಮುಗಿಯಿತು ಎಂದು ಒಂದು ಬೆಳಿಗ್ಗೆ ಗೊತ್ತಾಯಿತು. ಮೊಬೈಲಿನಲ್ಲಿ ಕೋಟು ಹಾಕಿದವನೊಬ್ಬ ಹೇಳುತ್ತಿದ್ದ: ಊರಿಗೆಲ್ಲ ಮಾರಲು ಹೋಗಬೇಡಿ, ಒಂದೇ ಹುಚ್ಚಿನ ಜನರ ಗುಂಪು ಹಿಡಿಯಿರಿ, ಆ ಹುಚ್ಚಿಗೆ ತಕ್ಕ ಸರಕು ಕೊಡಿ!

ಹುಚ್ಚರಿಗಾಗಿ ನಾನು ದೂರ ಹೋಗಬೇಕಿರಲಿಲ್ಲ. ಪಕ್ಕದ ಮನೆಯ ನಯಾಜ್ ಪಾರಿವಾಳ ಸಾಕುತ್ತಾನೆ. ಯಾರ ಹಕ್ಕಿ ಹೆಚ್ಚು ಹೊತ್ತು ಆಕಾಶದಲ್ಲಿರುತ್ತದೆ ಎಂದು ಪಂದ್ಯ ನಡೆಸುವವರ ವಾಟ್ಸಾಪ್ ಗುಂಪಿನಲ್ಲಿ ಅವನೂ ಇದ್ದ. ಕಾಡಿ ಬೇಡಿ ನಾನೂ ಸೇರಿಕೊಂಡೆ. ತಿಂಗಳೊಳಗೆ ನಮ್ಮ ಮಗ್ಗದಿಂದ ಕೆಂಪು ಸೀರೆಗಳು ಇಳಿದವು. ಸೆರಗಿನಲ್ಲಿ ರೆಕ್ಕೆ ಬಿಚ್ಚಿದ ದೊಡ್ಡ ಪಾರಿವಾಳ. ಚಿತ್ರ ಬರೆದದ್ದು ಸ್ವತಃ ನಾನೇ!

"ಸೀರೆ ಉಡೋರು ಯಾರು?" ಎಂದಳು ಹೆಂಡತಿ ಸುಶೀಲ.

"ಪಾರಿವಾಳದವರ ಹೆಂಡ್ತೀರು ಕಣೇ."

"ಅವರನ್ನ ಒಂದ್ ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಕೋಟಿನವನು ಅದನ್ನು ಹೇಳಿರಲಿಲ್ಲ. ಆದರೂ ಒಂದು ಸೀರೆ ಹಿಡಿದು ನಯಾಜನ ಹೆಂಡತಿ ಶಬಾನಾ ಮುಂದೆ ನಿಂತೆ. ಆಕೆ ಸೆರಗನ್ನು ನೋಡಿದಳು, ನನ್ನನ್ನು ನೋಡಿದಳು.

"ಅಣ್ಣಾ, ದಿನಾ ಮನೆ ತುಂಬಾ ಪುಕ್ಕ ಗುಡಿಸ್ತೀನಿ. ಈಗ ಮೈಮೇಲೂ ಹೊದ್ಕೋಬೇಕಾ?"

ನಾನು ಎದೆಗುಂದಲಿಲ್ಲ. ಚೆಂದದ ಫೋಟೊ ಹಾಕಿದರೆ ಗುಂಪಿನವರ ಮನಸ್ಸು ಕರಗುತ್ತದೆ ಎಂದು ನಿರ್ಧರಿಸಿದೆ. ಅದಕ್ಕೆ ಪಂದ್ಯದ ದಿನಕ್ಕಿಂತ ಒಳ್ಳೆಯ ಮುಹೂರ್ತ ಉಂಟೇ? ಸಂಜೆಯ ಬಿಸಿಲಿಗೆ ನಮ್ಮ ತಾರಸಿಯಲ್ಲಿ ಹಗ್ಗ ಕಟ್ಟಿ ಇಪ್ಪತ್ತು ಸೀರೆ ಹರವಿದೆ. ಗಾಳಿ ಬಂತು. ಇಪ್ಪತ್ತೂ ಪಟಪಟನೆ ಹಾರಾಡಿದವು. ಅಮೋಘ ದೃಶ್ಯ!

"ಅಣ್ಣಾ! ತೆಗೀರಿ! ಬೇಗ ತೆಗೀರಿ!" ಪಕ್ಕದ ತಾರಸಿಯಿಂದ ನಯಾಜ್ ಕಿರುಚಿದ.

ನಯಾಜ್ ಪ್ರತಿದಿನ ಉದ್ದದ ಬಿದಿರಿಗೆ ಕೆಂಪು ಬಟ್ಟೆ ಕಟ್ಟಿ ಬೀಸುವುದನ್ನು ಎಂಟು ವರ್ಷದಿಂದ ನೋಡುತ್ತಿದ್ದೇನೆ. ಏನೋ ವ್ಯಾಯಾಮ ಎಂದುಕೊಂಡಿದ್ದೆ! ಹಕ್ಕಿ ಇಳಿಯದಂತೆ ಬೆದರಿಸುವುದಕ್ಕೆ ಅದು ಎಂದು ತಿಳಿದದ್ದು ಆ ಗಳಿಗೆಯಲ್ಲಿ. ಬೆಳಿಗ್ಗೆಯಿಂದ ಹಾರಿ ದಣಿದ ಅವನ ಪಂದ್ಯದ ಹಕ್ಕಿ ಚಾಂದನಿ, ಮನೆಗಿಳಿಯಲು ಬಂದು, ನನ್ನ ಸೀರೆಗಳನ್ನು ಕಂಡು ಮತ್ತೆ ಮೇಲಕ್ಕೆ ಏರಿತ್ತು.

"ಕತ್ತಲಾದ್ರೆ ದಾರಿ ತಪ್ಪತಾಳೆ ಅಣ್ಣಾ. ಮರಿಯಿಂದ ಕೈಯಲ್ಲಿ ತಿನ್ನಿಸಿ ಬೆಳೆಸಿದೀನಿ." ಅವನ ದನಿ ನಡುಗುತ್ತಿತ್ತು.

ಓಡಿ ಹೋಗಿ ಹಗ್ಗ ಎಳೆದೆ. ಒಂದು ತುದಿ ಕಳಚಿತು, ಇನ್ನೊಂದು ಕಳಚಲಿಲ್ಲ. ಸೀರೆಗಳು ನನ್ನನ್ನೇ ಸುತ್ತಿಕೊಂಡವು. ಕಣ್ಣು ಕಾಣದೆ ಕೈಕಾಲು ಬಡಿದೆ.

"ಅಲ್ಲಾಡಬೇಡಿ ಅಣ್ಣಾ! ಇನ್ನೂ ಮೇಲ್ ಹೋಗ್ತಿದಾಳೆ!"

ಸುಶೀಲ ಮೇಲೆ ಬಂದು ಕತ್ತರಿಯಿಂದ ಹಗ್ಗ ಕತ್ತರಿಸಿ, ಸೀರೆಗಳ ಸಮೇತ ನನ್ನನ್ನು ನೆಲಕ್ಕೆ ಕೂರಿಸಿ, ಮೇಲೊಂದು ಚಾಪೆ ಹೊದಿಸಿದಳು. "ಉಸಿರು ಬಿಡಬೇಡಿ" ಎಂದಳು. ಬಿಡಲಿಲ್ಲ. ಚಾಪೆಯ ಸಂದಿಯಿಂದ ಆಕಾಶ ಬೂದಿಬಣ್ಣಕ್ಕೆ ತಿರುಗುವುದು ಕಾಣುತ್ತಿತ್ತು. ನಯಾಜ್ ಚಾಂದನಿಗೆ ಕಾಣಲೆಂದು ಬೇರೊಂದು ಬಿಳಿ ಪಾರಿವಾಳವನ್ನು ಎತ್ತಿ ಹಿಡಿದು "ಆವ್ ಬೇಟಾ, ಆವ್" ಎನ್ನುತ್ತಲೇ ಇದ್ದ. ನಾನು ಹೊತ್ತ ಹರಕೆಗಳನ್ನು ತೀರಿಸಲು ಇನ್ನೊಂದು ಜನ್ಮ ಬೇಕು.

ಕೊನೆಗೆ ರೆಕ್ಕೆ ಬಡಿದ ಸದ್ದು. "ಆಗಯೀ! ಬಂದ್ಲು!" ಎಂದು ಶಬಾನಾ ಕೂಗಿದಳು! ಪುಕ್ಕ ಗುಡಿಸಿ ಬೇಸತ್ತ ಅದೇ ಶಬಾನಾ ಹಕ್ಕಿಯನ್ನು ಎದೆಗವಚಿಕೊಂಡು ಅಳುತ್ತಿದ್ದಳು. ನನಗೂ ಕಣ್ಣು ತುಂಬಿತು. ಎಷ್ಟೋ ದಿನಗಳ ಮೇಲೆ ಅಷ್ಟು ಹಗುರವಾಗಿದ್ದೆ.

ಪಂದ್ಯದ ದಿನ ಹಕ್ಕಿಗೆ ಬಟ್ಟೆ ತೋರಿಸಿ ಬೆದರಿಸುವಂತಿಲ್ಲವಂತೆ; ತೋರಿಸಿದ್ದಾರೆಂದು ತೀರ್ಪುಗಾರರು ಚಾಂದನಿಯನ್ನು ಪಂದ್ಯದಿಂದ ತೆಗೆದರು. ನಾನು ಕ್ಷಮೆ ಕೇಳಲು ಹೋದರೆ ನಯಾಜ್, "ಪಂದ್ಯ ಇನ್ನೊಂದ್ಸಲ ಬರತ್ತೆ ಬಿಡಿ ಅಣ್ಣಾ, ಇವಳು ಬಂದ್ಲಲ್ಲ" ಎಂದ. ಅಷ್ಟಕ್ಕೆ ಸುಮ್ಮನಾಗದೆ ಗುಂಪಿನಲ್ಲಿ ಇಡೀ ಕಥೆ ಹಾಕಿದ.

ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಪಾರಿವಾಳದವರ ಸಾಲು! ಅಷ್ಟೂ ಸೀರೆಗಳನ್ನು ದುಡ್ಡು ಕೊಟ್ಟು ತುಂಡು ಮಾಡಿಸಿಕೊಂಡು ಹೋದರು. ಈಗ ಊರಿನ ತಾರಸಿಗಳ ಮೇಲೆ ನನ್ನ ಸೀರೆಗಳನ್ನು ಬಿದಿರುಗಳು ಉಟ್ಟಿವೆ.

ಹೋಗುವಾಗ ಒಬ್ಬರು ಸೆರಗಿನ ತುಂಡು ಬಿಡಿಸಿ ನೋಡಿ ಬೆನ್ನು ತಟ್ಟಿದರು. "ಬಟ್ಟೆ ಬಿಡಿ ಗುರು, ಈ ಗಿಡುಗದ ಚಿತ್ರ ಇದೆಯಲ್ಲ, ಯಾವ ಪಾರಿವಾಳಾನೂ ಹತ್ರ ಬರಲ್ಲ. ಯಾರು ಬರೆದಿದ್ದು?"

ಯಾರೋ ಬೆಂಗಳೂರಿನವರು ಎಂದುಬಿಟ್ಟೆ.