ಭಾವನ ರೈಲಿಗೆ ಹದಿನಾರು ಕೋರ್

ನನ್ನ ಭಾವನವರು ದಿಲ್ಲಿಯ ದ್ವಾರಕಾದ ತಮ್ಮ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ದಿನವೂ ರೈಲು ಓಡಿಸುತ್ತಾರೆ. ನಗಬೇಡಿ! ಮಧ್ಯಾಹ್ನ ಊಟವಾದ ಮೇಲೆ, ಹೊತ್ತಿಗೆ ಸರಿಯಾಗಿ, ಸಿಗ್ನಲ್ ನೋಡಿಕೊಂಡೇ ಓಡಿಸುತ್ತಾರೆ. ಕಂಪ್ಯೂಟರಿನಲ್ಲಿ ರೈಲಿನ ಆಟವೊಂದಿದೆ, ಆಡುವವರೇ ಡ್ರೈವರು. ಎಪ್ಪತ್ತು ದಾಟಿದವರು, ಮಿನಿಸ್ಟ್ರಿಯಲ್ಲಿ ಸೆಕ್ಷನ್ ಆಫೀಸರ್ ಆಗಿದ್ದವರು ಆಡುವ ಆಟವೇ ಇದು?

ಒಮ್ಮೆ ಕೊರಿಯರಿನವನು ಬೆಲ್ ಒತ್ತಿದ. "ರುಕೋ ಭಯ್ಯಾ, ಸಿಗ್ನಲ್ ಲಾಲ್ ಹೈ!" ಎಂದು ಒಳಗಿನಿಂದ ಕೂಗಿದರಂತೆ. ಪಾಪ, ಆತ ಹಿಂದಿರುಗಿ ಲಿಫ್ಟಿನ ಕೆಂಪು ದೀಪ ನೋಡಿದ. ಅದು ಆರುವ ತನಕ ನಿಂತೇ ಇದ್ದ!

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತು, ನನ್ನ ಅಕ್ಕ ಚೆನ್ನಾಗಿದ್ದಿದ್ದರೆ. ಬೆನ್ನಿನ ಆಪರೇಷನ್ ಆದ ಮೇಲೆ ಅವಳು ಒಳಕೋಣೆಯ ಮಂಚ ಬಿಟ್ಟು ಏಳಲಾರಳು. ಊರಿಗೆ ಹೋಗುವ ಮಾತನ್ನೇ ಎತ್ತಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳನ್ನು ವಿಚಾರಿಸೋಣವೆಂದು ಫೋನ್ ಮಾಡಿದರೆ ಭಾವನವರ ಉತ್ತರ ಏನು ಗೊತ್ತೇ?

"ಝಾನ್ಸಿ ಸ್ಟೇಷನ್ ಬರ್ತಾ ಇದೆ ಕಣಯ್ಯಾ, ಆಮೇಲೆ ಮಾಡು."

ನನಗೆ ಮೈಯೆಲ್ಲ ಉರಿಯಿತು. ಹೆಂಡತಿ ಮಂಚದ ಮೇಲೆ, ಇವರಿಗೆ ಝಾನ್ಸಿ!

ಭಾವನವರಿಗೆ ಯಾವುದೂ ದೊಡ್ಡದೇ ಆಗಬೇಕು. ಇಬ್ಬರ ಅಡುಗೆಗೆ ಮದುವೆ ಮನೆಗೆ ಸಾಲುವ ಕುಕ್ಕರ್ ತಂದವರು. ಅವರು ತಂದ ಕೂಲರ್ ಚಾಲೂ ಮಾಡಿದ ದಿನ ಗೋಡೆಯ ಕ್ಯಾಲೆಂಡರ್ ಹಾರಿ, ತೆರೆದ ಬಾಗಿಲಿನಿಂದ ಎದುರು ಫ್ಲ್ಯಾಟಿಗೆ ಹೋಯಿತು. ಆ ಮನೆಯ ಹೆಂಗಸು ವಾಪಸು ತಂದುಕೊಟ್ಟು, "ಅಂಕಲ್ ಜೀ, ಹೊಸ ವರ್ಷಕ್ಕೆ ಇನ್ನೂ ಟೈಮ್ ಇದೆಯಲ್ಲ?" ಎಂದು ಕೇಳಿದಳು. ಇಂಥವರು ಹೊಸ ಕಂಪ್ಯೂಟರ್ ಕಟ್ಟಿಸಲು ಹೊರಟರೆ ಕೇಳಬೇಕೇ?

"ಹದಿನಾರು ಕೋರಿನ ಪ್ರೊಸೆಸರೇ ಬೇಕು," ಎಂದರು ಮೆಟ್ರೋದಲ್ಲಿ. ಇಬ್ಬರೂ ಕಂಪ್ಯೂಟರ್ ಅಂಗಡಿಗಳ ನೆಹರೂ ಪ್ಲೇಸಿಗೆ ಹೊರಟಿದ್ದೆವು.

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು. ಕೋರ್ ಎಂದರೆ ಅದರೊಳಗೆ ಕೂತು ಕೆಲಸ ಮಾಡುವ ಗುಮಾಸ್ತರು ಎಂದುಕೊಳ್ಳಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ದಿಲ್ಲಿಗೆ ಬಂದು ಗುಮಾಸ್ತನಾಗಿಯೇ ನಿವೃತ್ತನಾದವನು. ಆದರೂ ಮೊಬೈಲಿನಲ್ಲಿ ನಾಲ್ಕು ವೀಡಿಯೊ ನೋಡಿ ಅಷ್ಟರಲ್ಲಿ ಪಂಡಿತನಾಗಿದ್ದೆ.

"ಆಟಕ್ಕೆ ಅಷ್ಟೊಂದು ಯಾಕೆ ಭಾವ? ಎಂಟು ಧಾರಾಳ ಸಾಕು."

"ಸ್ಟಾಫ್ ಜಾಸ್ತಿ ಇದ್ರೆ ಕೆಲಸ ಬೇಗ ಆಗುತ್ತಲ್ಲಯ್ಯಾ!"

ಜೀವಮಾನವಿಡೀ ಸರ್ಕಾರಿ ಕಚೇರಿಯಲ್ಲಿ ಕೂತವರು ಹೇಳುವ ಮಾತೇ ಇದು?

"ನಮ್ಮ ಸೆಕ್ಷನ್ನಲ್ಲಿ ಒಂದು ಕೋಣೆ ತುಂಬ ಜನ ಇದ್ವಿ ಭಾವ. ಫೈಲು ಒಬ್ಬರ ಮೇಜಲ್ಲಿ ಕೂತಿದ್ರೆ ಉಳಿದವರು ಚಹಾ ಕುಡೀತಿದ್ವಿ. ಆಟದ ಕೆಲಸಾನೂ ಹಾಗೇ. ಮುಖ್ಯ ಫೈಲು ಒಂದೆರಡು ಮೇಜಲ್ಲೇ ಸುತ್ತೋದು."

"ನೀವು ಚಹಾ ಕುಡೀತಿದ್ರಿ. ನಮ್ಮ ಮಿನಿಸ್ಟ್ರಿಯಲ್ಲಿ ಕೆಲಸ ಇತ್ತು!"

ಅಂಗಡಿಯವನು ಮಾತ್ರ ನನ್ನ ಕಡೆಗೇ ವಾಲಿದ. ಬರೀ ಆಟಕ್ಕಾದರೆ ಹದಿನಾರು ಕೋರ್ ದಂಡ, ಆ ದುಡ್ಡನ್ನು ಚಿತ್ರ ಮೂಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ ಎಂದ. ಆಮೇಲೆ ಭಾವನವರ ಮುಖ ನೋಡಿ ಕೇಳಿದ: "ಅಂಕಲ್ ಜೀ, ಸಿರ್ಫ್ ಗೇಮಿಂಗ್? ಸಾಥ್ ಮೇಂ ಔರ್ ಕುಛ್ ಚಲೇಗಾ? ರೆಕಾರ್ಡಿಂಗ್ ವಗೈರಾ? ತಬ್ ತೋ ಬಾತ್ ಅಲಗ್ ಹೈ." ಆಟದ ಜೊತೆಗೇ ರೆಕಾರ್ಡಿಂಗಿನಂಥ ಬೇರೆ ಕೆಲಸವೂ ನಡೆಯಬೇಕಿದ್ದರೆ ಮಾತು ಬೇರೆ ಎಂದು ಅವನ ಅರ್ಥ.

ಭಾವನವರು ಬಾಯಿ ತೆರೆದರು. ಅಂಗಡಿಯ ತುಂಬ ಕಾಲೇಜು ಹುಡುಗರು ನಿಂತು ಈ ಮುದುಕರನ್ನೇ ನೋಡುತ್ತಿದ್ದರು. ಭಾವನವರಿಂದ ಮಾತು ಹೊರಡುವ ಮೊದಲೇ ನಾನು, "ಸಿರ್ಫ್ ಗೇಮಿಂಗ್! ಮನೆಯಲ್ಲಿ ಹೆಂಡತಿ ಮಲಗಿದ್ದಾಳೆ, ಇವರಿಗೆ ಸಿರ್ಫ್ ಗೇಮಿಂಗ್!" ಎಂದುಬಿಟ್ಟೆ, ಹಿಂದಿಯಲ್ಲಿ, ಎಲ್ಲರಿಗೂ ಅರ್ಥವಾಗುವಂತೆ. ಹುಡುಗರು ನಕ್ಕರು. ಭಾವನವರು ಬಾಯಿ ಮುಚ್ಚಿಕೊಂಡರು. ಎಂಟರದ್ದೇ ಬಂತು. ವಾಪಸು ಬರುವಾಗ ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ, ಗೆದ್ದವನಲ್ಲವೇ!

ನಾನು ಅಕ್ಕನನ್ನು ನೋಡಲು ಹೋಗುತ್ತಿದ್ದುದು ಬೆಳಿಗ್ಗೆ. ಕಳೆದ ತಿಂಗಳು ಒಂದು ದಿನ ಆ ಕಡೆ ಕೆಲಸವಿತ್ತೆಂದು ಮಧ್ಯಾಹ್ನ ಹೋದೆ. ಬಾಗಿಲು ಚಿಲಕ ಹಾಕಿರಲಿಲ್ಲ. ಹೊರಕೋಣೆಯಲ್ಲಿ ಭಾವನವರು ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನನ್ನನ್ನು ನೋಡಿಯೂ ಹಳಿಯಿಂದ ಕಣ್ಣು ತೆಗೆಯಲಿಲ್ಲ.

ಸಿಡಿಮಿಡಿಗೊಂಡು ಒಳಕೋಣೆಗೆ ಹೋದೆ. ಅಕ್ಕ ದಿಂಬಿಗೆ ಒರಗಿದ್ದಳು. ಮಂಚದ ಪಕ್ಕಕ್ಕೆ, ಕಿಟಕಿಯ ಹಾಗೆ, ಟಿವಿಯನ್ನು ತಂದು ನಿಲ್ಲಿಸಿದ್ದರು. ಅದರಲ್ಲಿ ರೈಲಿನ ಕಿಟಕಿಯಿಂದ ಕಾಣುವಂತೆ ಹೊಲ, ಹುಣಸೆ ಮರ, ಕಂಬ ಒಂದೊಂದಾಗಿ ಹಿಂದಕ್ಕೆ ಹೋಗುತ್ತಿದ್ದವು. ಅವಳ ಪಕ್ಕದಲ್ಲಿ ಪ್ರಯಾಣಕ್ಕೆ ಕಟ್ಟಿದಂತೆ ಪುಳಿಯೋಗರೆಯ ಪೊಟ್ಟಣ.

"ಸ್ವಲ್ಪ ಆ ಕಡೆ ನಿಲ್ಲೋ, ಕಿಟಕಿಗೆ ಅಡ್ಡ ಬಂದೆ," ಎಂದಳು ಅಕ್ಕ.

ಆ ಕಡೆ ಭಾವನವರು ಓಡಿಸುವುದು, ಈ ಕಡೆ ಅವಳಿಗೆ ಕಾಣುವುದು. ಆಟ ಒಂದು, ಕಿಟಕಿಯ ನೋಟವನ್ನು ಕ್ಷಣಕ್ಷಣವೂ ಟಿವಿಗೆ ಕಳಿಸುವ ಕೆಲಸ ಇನ್ನೊಂದು, ಮರುದಿನ ಮತ್ತೆ ನೋಡಲು ರೆಕಾರ್ಡಿಂಗ್ ಮಗದೊಂದು. ಅಂಗಡಿಯವನು ಕೇಳಿದ್ದು ಇದನ್ನೇ! ನೋಡುತ್ತಿದ್ದಂತೆಯೇ ಚಿತ್ರ ತಡವರಿಸಿ, ಎರಡು ಸಲ ಜಗ್ಗಿ, ಮುಂದೆ ಹೋಯಿತು. ನಾನು ಕೊಡಿಸಿದ ಎಂಟೂ ಗುಮಾಸ್ತರು ಏದುಸಿರು ಬಿಡುತ್ತಿದ್ದರು.

ಹೊರಗೆ ಬಂದೆ. "ಭಾವ, ಅವತ್ತು ಅಂಗಡಿಯಲ್ಲೇ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಅಷ್ಟು ಹುಡುಗರ ಮುಂದೆ, ಹೆಂಡತಿನ ಊರಿಗೆ ಕರ್ಕೊಂಡು ಹೋಗೋದಿದೆ ಅಂತ ಹೇಳ್ಲಾ?" ಭೋಪಾಲಿನ ಹೊರಗೆ ಸಿಗ್ನಲ್ ಹಳದಿಯಾಗಿತ್ತು, ಅವರು ವೇಗ ಇಳಿಸಿದರು.

"ತಪ್ಪಾಯ್ತು ಭಾವ. ನಾಳೇನೇ ಹೋಗಿ ಹದಿನಾರರದ್ದು ಹಾಕಿಸೋಣ."

"ಬೇಡ ಕಣೋ!" ಅಕ್ಕ ಒಳಗಿನಿಂದಲೇ ಕೂಗಿದಳು. "ಈಗ ಸರಿಯಾಗಿ ಕುಲುಕ್ತಾ ಇದೆ. ಕುಲುಕದೆ ಇರೋ ರೈಲಲ್ಲಿ ನಂಗೆ ನಿದ್ದೆ ಬರಲ್ಲ."

ಅದು ನನ್ನನ್ನು ಕ್ಷಮಿಸಲು ಹೇಳಿದ್ದೋ, ನಿಜವೋ, ಇವತ್ತಿಗೂ ತಿಳಿಯದು. ಒಳಗೆ ಹೋಗಿ, ರೈಲಿನಲ್ಲಿ ಸೀಟಿನ ಕೆಳಗೆ ತಳ್ಳುವ ಹಾಗೆ, ಚಪ್ಪಲಿಯನ್ನು ಮಂಚದ ಕೆಳಗೆ ತಳ್ಳಿ ನಿಂತೆ.

"ರಿಸರ್ವೇಷನ್ ಇದೆಯೇನೋ?" ಎಂದಳು.

"ಇಲ್ಲಕ್ಕ."

ಕಾಲು ಮಡಚಲು ಅವಳಿಗೆ ಆಗುವುದಿಲ್ಲ. ಪೊಟ್ಟಣವನ್ನು ಎತ್ತಿ ಎದೆಯ ಮೇಲಿಟ್ಟುಕೊಂಡು, ಅದು ಇದ್ದಷ್ಟು ಜಾಗವನ್ನು ನನಗೆ ಬಿಟ್ಟುಕೊಟ್ಟಳು.